ಗುಲಾಮರ ಬದುಕು ಯಾವ ಡೇಟಾದಲ್ಲಿ ಸಿಗುತ್ತದೆ? ಬಳಸಿ ನೋಡಿ ಮಾಡಿದ ಹೋಲಿಕೆ

ವಸಾಹತು ಕಾಲದ ಗುಲಾಮರ ದಾಖಲೆಗಳು ಈಗ ಲಕ್ಷಗಟ್ಟಲೆ ಆನ್‌ಲೈನ್‌ನಲ್ಲಿವೆ, ಅದೂ ಉಚಿತವಾಗಿ. ಯಾವುದು ದೊಡ್ಡದು ಅಂತ ನೋಡುವುದು ಸುಲಭ. ನನಗೆ ಬೇಕಾಗಿದ್ದು ಬೇರೆ. ಒಬ್ಬ ಹೆಂಗಸು ಎಲ್ಲಿ ಹುಟ್ಟಿದಳು, ಯಾರ ಮಗಳು, ಅವಳನ್ನು ಯಾರಿಗೆ ಮಾರಿದರು, ಕೊನೆಗೆ ಏನಾದಳು? ಇಷ್ಟನ್ನು ಹೇಳುವ ಡೇಟಾ ಯಾವುದು? ಎರಡು ಪಟ್ಟಿಯಲ್ಲಿರುವ ಹೆಸರು ಒಬ್ಬರದೇನಾ ಅಂತ ಪತ್ತೆ ಹಚ್ಚುವುದು ನನ್ನ ದಿನದ ಕೆಲಸ. ಅದೇ ಉಪಾಯಗಳನ್ನು ಇಲ್ಲೂ ಬಳಸಿ ನೋಡಿದೆ.

ಮೊದಲು ಎಲ್ಲರೂ ಹೋಗುವ ಜಾಗ, ಸ್ಲೇವ್ ವಾಯೇಜಸ್. 1999ರಲ್ಲಿ ಸಿಡಿಯಾಗಿ ಬಂತು, 2008ರಲ್ಲಿ ವೆಬ್‌ಗೆ ಬಂತು. ಅಟ್ಲಾಂಟಿಕ್‌ನ 36,000ಕ್ಕೂ ಹೆಚ್ಚು ಗುಲಾಮ ಹಡಗು ಪ್ರಯಾಣಗಳು ಇದರಲ್ಲಿವೆ. ಒಂದು ಪ್ರಯಾಣಕ್ಕೆ ಒಂದು ಸಾಲು. ಆಫ್ರಿಕಾದಲ್ಲಿ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ, ಆಚೆ ದಡದಲ್ಲಿ ಇಳಿದವರು ಸುಮಾರು 1 ಕೋಟಿ 7 ಲಕ್ಷ ಅನ್ನುವ ಅಂದಾಜು ಬಂದಿದ್ದು ಇಲ್ಲಿಂದಲೇ. ಡೇಟಾ ಮಾಡಿರುವ ಕ್ರಮ ತುಂಬಾ ಚೆನ್ನಾಗಿದೆ. ಮೂಲ ಕಾಗದದಲ್ಲಿದ್ದ ಸಂಖ್ಯೆಗೆ ಒಂದು ಕಾಲಂ, ಸಂಶೋಧಕರು ಲೆಕ್ಕ ಹಾಕಿ ತುಂಬಿದ ಸಂಖ್ಯೆಗೆ ಇನ್ನೊಂದು. ಯಾವುದು ಕಂಡಿದ್ದು, ಯಾವುದು ಊಹಿಸಿದ್ದು ಅಂತ ಬೇರೆ ಮಾಡಿ ಇಡುವ ಈ ಶಿಸ್ತು ಎಲ್ಲ ಕಡೆ ಇರುವುದಿಲ್ಲ.

ಆದರೆ ಮನುಷ್ಯರು? 1781ರ ಜಾಂಗ್ ಹಡಗನ್ನೇ ನೋಡಿ. 442 ಜನರನ್ನು ತುಂಬಿಕೊಂಡು ಜಮೈಕಾಕ್ಕೆ ಹೊರಟ ಹಡಗು ಅದು. ದಾರಿಯಲ್ಲಿ 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಆಮೇಲೆ ಲಿವರ್‌ಪೂಲಿನ ಮಾಲೀಕರು ಸರಕು ನಷ್ಟವಾಯಿತೆಂದು ವಿಮೆ ಹಣ ಕೇಳಿದರು, ಕೇಸು ಕೋರ್ಟಿಗೂ ಹೋಯಿತು. ಕ್ಯಾಪ್ಟನ್ ಲ್ಯೂಕ್ ಕಾಲಿಂಗ್‌ವುಡ್ ಅನ್ನುವುದು ನಮಗೆ ಗೊತ್ತು. ಹಡಗಿನ ಸಾಲಿನಲ್ಲಿ ಕ್ಯಾಪ್ಟನ್ ಹೆಸರಿಗೆ ಕಾಲಂ ಇದೆ. ಎಸೆಯಲ್ಪಟ್ಟವರು ಸಿಗುವುದು ಹತ್ತಿದವರ ಸಂಖ್ಯೆಯಿಂದ ಇಳಿದವರ ಸಂಖ್ಯೆ ಕಳೆದಾಗ ಮಾತ್ರ. ಅದೂ ಜ್ವರದಿಂದ ಸತ್ತವರ ಜೊತೆ ಬೆರೆತು.

ಇದೇ ಯೋಜನೆಯ ಇನ್ನೊಂದು ಭಾಗದಲ್ಲಿ ಹೆಸರುಗಳಿವೆ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಿದ ಮೇಲೆ ಅದರ ನೌಕಾಪಡೆ ಹಡಗುಗಳನ್ನು ಹಿಡಿಯತೊಡಗಿತು. ಬಿಡುಗಡೆಯಾದವರನ್ನು ಪಶ್ಚಿಮ ಆಫ್ರಿಕಾದ ಫ್ರೀಟೌನ್ ಮತ್ತು ಕ್ಯೂಬಾದ ಹವಾನಾದಲ್ಲಿ ದಾಖಲು ಮಾಡಿದರು. ಅಲ್ಲಿಂದ ಬಂದ 91,491 ಜನರ ಸಾಲುಗಳು ಇಲ್ಲಿವೆ. ಹೆಸರು, ವಯಸ್ಸು, ಎತ್ತರ ಸಿಗುತ್ತದೆ. ಗುಮಾಸ್ತ ಕಿವಿಗೆ ಕೇಳಿದಂತೆ ಬರೆದ ಆಫ್ರಿಕನ್ ಹೆಸರುಗಳು. ಓದುತ್ತಾ ಹೋದರೆ ಎಂಟು ವರ್ಷದ, ಹತ್ತು ವರ್ಷದ ಮಕ್ಕಳು ಬರುತ್ತಲೇ ಇರುತ್ತಾರೆ. ಆದರೆ ಇದು ಒಂದು ದಿನದ ದಾಖಲೆ. ಮಾರನೆಯ ದಿನ ಆ ಮಗು ಎಲ್ಲಿಗೆ ಹೋಯಿತು ಅಂತ ಸಾಲು ಹೇಳುವುದಿಲ್ಲ.

ನನ್ನ ಅಳತೆಯಲ್ಲಿ ಗೆದ್ದಿದ್ದು ಸುರಿನಾಮ್ ಗುಲಾಮರ ರಿಜಿಸ್ಟರ್.

ದಕ್ಷಿಣ ಅಮೆರಿಕದ ಸುರಿನಾಮ್ ಆಗ ಡಚ್ಚರ ವಸಾಹತು. ಕಳ್ಳದಾರಿಯಲ್ಲಿ ಹೊಸ ಗುಲಾಮರನ್ನು ತರುವುದನ್ನು ತಡೆಯಲು ಸರ್ಕಾರ ಪ್ರತಿ ಮಾಲೀಕನ ಬಳಿ ಇರುವವರ ರಿಜಿಸ್ಟರ್ ಇಟ್ಟಿತು. 1830ರಿಂದ 1863ರವರೆಗಿನ ಪುಸ್ತಕಗಳು ಉಳಿದಿವೆ. 2017ರಲ್ಲಿ ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿರುವ ರಾಡ್‌ಬೌಡ್ ವಿಶ್ವವಿದ್ಯಾಲಯ ಮತ್ತು ಸುರಿನಾಮ್ ರಾಜಧಾನಿ ಪಾರಮಾರಿಬೋದ ಆಂಟನ್ ಡಿ ಕಾಮ್ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಸೇರಿಸಿ ಟೈಪ್ ಮಾಡಿಸಲು ಶುರು ಮಾಡಿದರು. ನೂರಾರು ಸ್ವಯಂಸೇವಕರು ಬಂದರು. ಮರುವರ್ಷವೇ ಎಲ್ಲರಿಗೂ ತೆರೆದರು.

ಇಲ್ಲಿ ಒಂದು ಸಾಲು ಅಂದರೆ ಒಬ್ಬ ಮಾಲೀಕನ ಪುಟದಲ್ಲಿರುವ ಒಬ್ಬ ಮನುಷ್ಯ. ಹೆಸರು, ತಾಯಿಯ ಹೆಸರು, ಹುಟ್ಟಿದ ವರ್ಷ, ಮಾಲೀಕನ ಹೆಸರು. ಎಲ್ಲಕ್ಕಿಂತ ಮುಖ್ಯ, ಈ ಪುಟಕ್ಕೆ ಯಾವಾಗ ಬಂದರು, ಯಾವಾಗ ಹೋದರು, ಯಾಕೆ ಹೋದರು. ಸತ್ತರಾ, ಮಾರಿದರಾ, ಬಿಡುಗಡೆಯಾದರಾ. ತಂದೆಯ ಹೆಸರಿಗೆ ಜಾಗವೇ ಇಲ್ಲ. ತಾಯಿ ಯಾರ ಸ್ವತ್ತೋ ಮಗುವೂ ಅವನದೇ ಅನ್ನುವುದು ಆಗಿನ ಕಾನೂನು, ಆದ್ದರಿಂದ ಗುಮಾಸ್ತನಿಗೆ ತಾಯಿ ಸಾಕಾಗಿತ್ತು. ಆ ಕ್ರೂರ ಲೆಕ್ಕದಿಂದಲೇ ಇವತ್ತು ತಾಯಿ, ಮಗಳು, ಮೊಮ್ಮಗಳು ಅಂತ ಸಾಲು ಹಿಡಿದು ಹೋಗಲು ಆಗುತ್ತದೆ.

ಜೋಡಿಸುವ ಕೆಲಸಕ್ಕೂ ಇದೇ ಅನುಕೂಲ. ಒಬ್ಬಳು ಒಂದು ತೋಟದ ಪುಟದಿಂದ ಮಾರಾಟ ಅನ್ನುವ ಕಾರಣಕ್ಕೆ ಹೊರಗೆ ಹೋದಳು ಅಂದರೆ, ಅದೇ ಹೊತ್ತಿಗೆ ಇನ್ನೊಬ್ಬ ಮಾಲೀಕನ ಪುಟದಲ್ಲಿ ಒಳಗೆ ಬಂದಿರಬೇಕು. ತಾರೀಕು, ಹುಟ್ಟಿದ ವರ್ಷ, ತಾಯಿಯ ಹೆಸರು, ಇಷ್ಟೂ ಹೊಂದಿದರೆ ಅವಳ ಹೆಸರಿನಲ್ಲಿ ಒಂದೆರಡು ಅಕ್ಷರ ಆಚೀಚೆ ಆದರೂ ಧೈರ್ಯವಾಗಿ ಬೆಸೆಯಬಹುದು. 1863ರ ಜುಲೈ 1ಕ್ಕೆ ಗುಲಾಮಗಿರಿ ಮುಗಿಯಿತು. ಮಾಲೀಕರಿಗೆ ತಲೆಗೆ 300 ಗಿಲ್ಡರ್ ಪರಿಹಾರ ಸಿಕ್ಕಿತು, ಬಿಡುಗಡೆಯಾದವರಿಗೆ ಮನೆತನದ ಹೆಸರು ಸಿಕ್ಕಿತು. ಆ ಪಟ್ಟಿಯೂ ಇರುವುದರಿಂದ ಇವತ್ತಿನ ಸುರಿನಾಮ್ ಕುಟುಂಬಗಳು ಹಿಂದಕ್ಕೆ ನಡೆದು ತಮ್ಮವರನ್ನು ಹುಡುಕಬಹುದು. ಹುಡುಕುತ್ತಲೂ ಇದ್ದಾರೆ. ಅನುಮಾನ ಬಂದರೆ ಮೂಲ ಪುಟದ ಚಿತ್ರ ತೆಗೆದು ನೋಡಬಹುದು. ನನಗೆ ಇದು ತುಂಬಾ ಮುಖ್ಯ.

ಇದಕ್ಕೆ ಪೂರ್ತಿ ಎದುರು ದಾರಿ ಯಂತ್ರದಿಂದ ಓದಿಸುವುದು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಗ್ಲೋಬಲೈಸ್ ಅನ್ನುವ ಯೋಜನೆ ಅದರಲ್ಲಿ ಸುಮಾರು 50 ಲಕ್ಷ ಪುಟಗಳ ಕೈಬರಹವನ್ನು ಕಂಪ್ಯೂಟರಿನಿಂದ ಅಕ್ಷರಕ್ಕೆ ಇಳಿಸುವ ಕೆಲಸ ಹಿಡಿದಿದೆ. ಪುಲಿಕಾಟ್, ಕೊಚ್ಚಿ, ನಾಗಪಟ್ಟಣ ಅಂತ ಹುಡುಕಿದರೆ ಮುನ್ನೂರು ವರ್ಷದ ಹಿಂದಿನ ಪತ್ರದ ಸಾಲು ಎದುರಿಗೆ ಬರುತ್ತದೆ. ಯಾವ ಸೂಚಿಯಲ್ಲೂ ಇಲ್ಲದ ಜನ ಹೀಗೆ ಸಿಗುತ್ತಾರೆ. ಈ ಶಕ್ತಿ ಬೇರೆ ಯಾವುದಕ್ಕೂ ಇಲ್ಲ. ತೊಂದರೆ ಎರಡು. ಗುಲಾಮರಿಗೆ ಗುಮಾಸ್ತರು ಬಳಸಿದ ಪದಗಳು ಹಲವು, ಕಾಗುಣಿತ ಇನ್ನೂ ಹಲವು, ಒಂದೇ ಪದ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಇನ್ನೊಂದು, ಯಂತ್ರ ಮಾಮೂಲಿ ಪದ ಚೆನ್ನಾಗಿ ಓದುತ್ತದೆ, ಅಪರೂಪದ ಹೆಸರಿನಲ್ಲಿ ಎಡವುತ್ತದೆ. ನಮಗೆ ಬೇಕಾಗಿದ್ದೇ ಹೆಸರು, ಅಲ್ವಾ? ಹುಡುಕಲು ಇದು ಬೇಕೇ ಬೇಕು. ಇದರ ಮೇಲೆ ಎಣಿಕೆ ಮಾಡಿ ಗ್ರಾಫ್ ಎಳೆಯುವುದು ಮಾತ್ರ ಬೇಡ.

ಭಾರತದವರ ಕಥೆ ದಟ್ಟವಾಗಿ ಸಿಗುವುದು ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ. 1652ರಿಂದ 1808ರವರೆಗೆ ಅಲ್ಲಿಗೆ ಸುಮಾರು 63,000 ಗುಲಾಮರು ಬಂದರು, ಹೆಚ್ಚುಕಮ್ಮಿ ಕಾಲು ಭಾಗ ಭಾರತದಿಂದ ಅನ್ನುವುದು ಇತಿಹಾಸಕಾರ ರಾಬರ್ಟ್ ಶೆಲ್ ಅವರ ಅಂದಾಜು. ಮಾಲೀಕ ಸತ್ತಾಗ ಮಾಡಿದ ಆಸ್ತಿ ಪಟ್ಟಿಗಳನ್ನು ಕೈಯಿಂದ ಟೈಪ್ ಮಾಡಿ ಇಟ್ಟಿದ್ದಾರೆ. ಮೇಜು, ತಾಮ್ರದ ಕೊಳಗ, ಎತ್ತು, ಅದರ ಜೊತೆಗೇ ‘ಸೆಪ್ಟೆಂಬರ್ ವ್ಯಾನ್ ಬೆಂಗಾಲನ್’, ‘ಕ್ಯುಪಿಡೋ ವ್ಯಾನ್ ಮಲಬಾರ್’ ಅನ್ನುವಂಥ ಹೆಸರುಗಳು. ತಿಂಗಳ ಹೆಸರು, ರೋಮನ್ ದೇವರ ಹೆಸರು ಇಟ್ಟು, ಅದರ ಮುಂದೆ ‘ವ್ಯಾನ್’ ಅಂದರೆ ‘ಅಲ್ಲಿಂದ’ ಅಂತ, ಕೊಂಡು ತಂದ ಸೀಮೆಯನ್ನು ಅಂಟಿಸಿದರು. ಬೆಂಗಾಲನ್ ಅಂತ ಇದ್ದ ಮಾತ್ರಕ್ಕೆ ಬಂಗಾಳದಲ್ಲೇ ಹುಟ್ಟಿದವರು ಅಂತಲೂ ಹೇಳಲಾಗದು.

ಹೆಸರು ಹೊಂದಿಸುವ ವಿಧಾನಗಳನ್ನು ಎದುರುಬದುರು ಇಟ್ಟು ನೋಡಿದ್ದು ಇಲ್ಲೇ. ಪರೀಕ್ಷೆಗೆ ಉತ್ತರ ಗೊತ್ತಿರುವ ಒಬ್ಬರು ಬೇಕಿತ್ತು. ಏಂಜೆಲಾ ವ್ಯಾನ್ ಬೆಂಗಾಲೆ ಅಂಥವರು. ಕೇಪ್‌ನ ಡಚ್ ಕಮಾಂಡರ್ ವ್ಯಾನ್ ರೀಬೀಕ್ ಮನೆಯಲ್ಲಿ ಗುಲಾಮಳಾಗಿದ್ದರು, 1666ರಲ್ಲಿ ಬಿಡುಗಡೆಯಾದರು, 1669ರಲ್ಲಿ ಆರ್ನೋಲ್ಡಸ್ ಬಾಸನ್‌ರನ್ನು ಮದುವೆಯಾದರು. ಕಾಗದಗಳಲ್ಲಿ ಅವರು ಏಂಜೆಲಾ, ಆನ್ಸೆಲಾ, ಆನ್ಸಿಯೆಲಾ. ಹೆಸರನ್ನು ಉಚ್ಚಾರದ ಪ್ರಕಾರ ಚಿಕ್ಕ ಸಂಕೇತಕ್ಕೆ ಇಳಿಸುವ ಸೌಂಡೆಕ್ಸ್ ಅನ್ನುವ ಹಳೆಯ ವಿಧಾನ ಮೂರಕ್ಕೂ ಒಂದೇ ಸಂಕೇತ ಕೊಡುತ್ತದೆ. ಸಂತೋಷವಾಯಿತು. ಆದರೆ ಅದು ಮೊದಲ ಅಕ್ಷರ ಹಾಗೇ ಇಟ್ಟುಕೊಳ್ಳುತ್ತದೆ. ಕ್ಯುಪಿಡೋವನ್ನು ಒಬ್ಬ ಗುಮಾಸ್ತ ‘ಸಿ’ಯಿಂದ, ಇನ್ನೊಬ್ಬ ‘ಕೆ’ಯಿಂದ ಬರೆದರೆ ಸೌಂಡೆಕ್ಸ್‌ಗೆ ಅವರು ಬೇರೆ ಬೇರೆ. ಎಷ್ಟು ಅಕ್ಷರ ವ್ಯತ್ಯಾಸ ಅಂತ ಎಣಿಸುವ ಲೆವೆನ್‌ಸ್ಟೈನ್ ವಿಧಾನ ಅದನ್ನು ಸರಿ ಹಿಡಿಯುತ್ತದೆ, ವ್ಯತ್ಯಾಸ ಒಂದೇ. ಅದೇ ವಿಧಾನಕ್ಕೆ ಜೇಕಬ್ ಮತ್ತು ಜೇಕಬಾ ನಡುವೆಯೂ ವ್ಯತ್ಯಾಸ ಒಂದೇ. ಒಬ್ಬ ಗಂಡಸು, ಒಬ್ಬಳು ಹೆಂಗಸು.

ಕಂಪನಿ ಗ್ರಾಹಕರ ಪಟ್ಟಿಯಲ್ಲಿ ಇಂಥದ್ದಾದರೆ ಒಂದು ಇಮೇಲ್ ತಪ್ಪಿ ಹೋಗುತ್ತದೆ, ಅಷ್ಟೇ. ಇಲ್ಲಿ ಎರಡು ಸಾಲು ತಪ್ಪಾಗಿ ಬೆಸೆದರೆ, ಎಂದೂ ಇಲ್ಲದ ಒಬ್ಬ ಮನುಷ್ಯ ಹುಟ್ಟುತ್ತಾನೆ, ನಿಜವಾಗಿ ಬದುಕಿದ್ದ ಇಬ್ಬರು ಅಳಿಸಿಹೋಗುತ್ತಾರೆ. ಅವರನ್ನು ಒಮ್ಮೆ ಅಳಿಸಿಯಾಗಿದೆ. ಅದಕ್ಕೇ ಕೇಪ್ ಪಟ್ಟಿಗಳಲ್ಲಿ ಹೆಸರೊಂದನ್ನೇ ನಂಬಿ ನಾನು ಯಾರನ್ನೂ ಬೆಸೆಯುವುದಿಲ್ಲ. ಮಾಲೀಕನ ಹೆಸರು, ಮಾರಾಟದ ವರ್ಷ, ವಯಸ್ಸು, ಕನಿಷ್ಠ ಎರಡಾದರೂ ಹೊಂದಬೇಕು. ವಯಸ್ಸನ್ನೂ 20, 30, 40 ಅಂತ ದುಂಡಗೆ ಬರೆದಿರುತ್ತಾರೆ, ಅದಕ್ಕೆ ಕಡಿಮೆ ತೂಕ. ಉಳಿದವು ‘ಇರಬಹುದು’ ಅನ್ನುವ ಕಾಲಂನಲ್ಲೇ ಇರುತ್ತವೆ.

ಚಿಕ್ಕದಾಗಿ ಇನ್ನೊಂದನ್ನು ಹೇಳಬೇಕು, ಕಾರ್ನೆಲ್ ವಿಶ್ವವಿದ್ಯಾಲಯದ ಫ್ರೀಡಂ ಆನ್ ದಿ ಮೂವ್. ಅಮೆರಿಕದ ಪತ್ರಿಕೆಗಳಲ್ಲಿ ಮಾಲೀಕರು ಹಾಕಿಸಿದ ‘ಓಡಿಹೋದ ಗುಲಾಮ’ ಜಾಹೀರಾತುಗಳು ಇಲ್ಲಿವೆ. ಓಡಿದವರನ್ನು ಹಿಡಿಯಬೇಕಿತ್ತು, ಹಾಗಾಗಿ ಮಾಲೀಕ ನಿಜ ಬರೆಯಲೇಬೇಕಿತ್ತು. ಯಾವ ಭಾಷೆ ಬರುತ್ತದೆ, ಯಾವ ಕಸುಬು ಗೊತ್ತು, ಮೈಮೇಲೆ ಯಾವ ಗಾಯ, ಹೆಂಡತಿ ಯಾವ ಊರಿನಲ್ಲಿದ್ದಾಳೆ. ಅಂಕಿಯ ಕೋಷ್ಟಕಗಳಲ್ಲಿ ಸಿಗದ ಮುಖ ಇಲ್ಲಿ ಸಿಗುತ್ತದೆ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳ ಸಿದ್ದಿಯರ ಬಗ್ಗೆ ಓದುಗರು ಕೇಳಬಹುದು. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರನ್ನು ಅಟ್ಲಾಂಟಿಕ್ ಹಡಗುಗಳ ಕೋಷ್ಟಕದಲ್ಲೋ ಡಚ್ಚರ ಕಾಗದದಲ್ಲೋ ಹುಡುಕಿದರೆ ಪ್ರಯೋಜನವಿಲ್ಲ. ಹುಡುಕಬೇಕಾದ ಕಾಗದ ಪೋರ್ಚುಗೀಸ್ ಭಾಷೆಯದು, ಅದರಲ್ಲಿ ಬಹಳಷ್ಟು ಪಣಜಿಯ ಪತ್ರಾಗಾರದಲ್ಲೇ ಇದೆ. ಸುರಿನಾಮ್‌ನಲ್ಲಿ ಮಾಡಿದಂತೆ ಜನ ಸೇರಿ ಪುಟ ಪುಟವಾಗಿ ಟೈಪ್ ಮಾಡುವ ಕೆಲಸ ಅಲ್ಲಿ ಶುರುವಾದರೆ, ಯಲ್ಲಾಪುರದ ಸಿದ್ದಿ ಹುಡುಗ ಹುಡುಗಿಯರೂ ಕೂತು ಓದುವಂತೆ ಆದರೆ, ನನ್ನ ಸಂಜೆಗಳನ್ನು ಅದಕ್ಕೆ ಕೊಡಲು ನಾನು ತಯಾರಿದ್ದೇನೆ.