ಊಹಿಸಿ ಓದುವುದನ್ನು ಕಲಿಸಲು ಸ್ಟೋರಿವೀವರ್: ಕಾಸರಗೋಡಿನ ತರಗತಿಯಿಂದ ಒಂದು ವಿಮರ್ಶೆ

ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಕನ್ನಡ ಕಥೆಗಳನ್ನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಮೂರು ಮತ್ತು ನಾಲ್ಕನೇ ತರಗತಿಗಳಲ್ಲಿ ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ಬಳಸುತ್ತಿದ್ದೇನೆ. ಕಥೆಯಲ್ಲಿ ಬಾಯಿಬಿಟ್ಟು ಹೇಳದ ಸಂಗತಿಯನ್ನು ಸುಳಿವುಗಳಿಂದ ತಿಳಿದುಕೊಳ್ಳಲು ಮಕ್ಕಳಿಗೆ ಕಲಿಸುವುದೇ ಆ ಉದ್ದೇಶ. ಕಥೆಗಳೆಲ್ಲ ಉಚಿತ, ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಲ್ಪಟ್ಟಿವೆ.

ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ ಮಾತನಾಡಿ ಶಾಲೆಗೆ ಬಂದು ಗ್ರಾಂಥಿಕ ಕನ್ನಡ ಓದುವವರು. ಆದ್ದರಿಂದ ಮಗುವೊಂದು ಉತ್ತರಿಸದೆ ಸುಮ್ಮನಾದಾಗ, ಅದಕ್ಕೆ ಊಹಿಸಲು ಬಾರದೋ ಅಥವಾ ಒಂದು ಪದ ತಿಳಿಯದೋ ಎಂಬುದನ್ನು ಮೊದಲು ಬಿಡಿಸಿ ನೋಡಬೇಕಾಗುತ್ತದೆ. ಊಹೆಗೆ ಪಠ್ಯದ ಸುಳಿವು ಎಷ್ಟು ಅಗತ್ಯವೋ ಮಗುವಿನ ಅನುಭವವೂ ಅಷ್ಟೇ ಅಗತ್ಯ. ಮೆಟ್ರೋ ನಿಲ್ದಾಣದ ಕಥೆಯಲ್ಲಿ ತಡವರಿಸುವ ಮಗು ತೋಟದ ಕಥೆಯಲ್ಲಿ ಚುರುಕಾಗಿರುತ್ತದೆ.

ಈ ಕಾರಣಕ್ಕಾಗಿಯೇ ಸ್ಟೋರಿವೀವರ್‌ನ ಅತ್ಯಂತ ಬೆಲೆಬಾಳುವ ಗುಣವೆಂದು ನಾನು ಭಾವಿಸುವುದು ಅದರ ಪುಸ್ತಕಗಳ ಸಂಖ್ಯೆಯನ್ನಲ್ಲ, ಮುಕ್ತ ಪರವಾನಗಿಯನ್ನು. ಅಲ್ಲಿರುವ ಚಿತ್ರಗಳನ್ನು ಆರಿಸಿಕೊಂಡು ನಮ್ಮದೇ ಕಥೆ ಬರೆಯಬಹುದು, ಇರುವ ಕಥೆಯನ್ನು ನಮ್ಮ ಮಕ್ಕಳ ಮಟ್ಟಕ್ಕೆ ತಿದ್ದಿಕೊಳ್ಳಲೂಬಹುದು. ನಾನು ಬರೆದುಕೊಂಡ ಒಂದು ಪುಟದಲ್ಲಿ ಹೀಗಿದೆ: “ಅಜ್ಜಿ ಅಂಗಳಕ್ಕೆ ಓಡಿ ಬಂದು ಒಣಹಾಕಿದ್ದ ಅಡಿಕೆಯನ್ನು ರಾಶಿ ಮಾಡತೊಡಗಿದರು. ಪಕ್ಕದ ಮನೆಯ ಅಕ್ಕ ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆಯುತ್ತಿದ್ದರು.” ಮಳೆ ಎಂಬ ಪದ ಎಲ್ಲಿಯೂ ಇಲ್ಲ. “ಕಳ್ಳ ಬಂದಿರಬೇಕು, ಟೀಚರ್” ಎಂದ ಹುಡುಗನಿಗೆ ತಪ್ಪು ಎನ್ನದೆ, “ಹಾಗಾದರೆ ಅಕ್ಕ ಬಟ್ಟೆ ತೆಗೆದದ್ದು ಯಾಕೆ?” ಎಂದು ಕೇಳಿದೆ. ಅವನು ಎರಡೂ ವಾಕ್ಯಗಳನ್ನು ಮತ್ತೆ ಓದಿ, “ಮಳೆ ಬರ್ತಾ ಉಂಟು, ಅಡಿಕೆ ಚಂಡಿಯಾದರೆ (ಒದ್ದೆಯಾದರೆ) ಬೂಷ್ಟು ಹಿಡೀತದೆ” ಎಂದ. ಸುಮಾರು 40 ದಿನ ಬಿಸಿಲು ಕಾಣಬೇಕಾದ ಚಾಲಿ ಅಡಿಕೆಯ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆಯ) ಬೆಲೆ ಅವನಿಗೆ ಮನೆಯಿಂದಲೇ ಗೊತ್ತಿತ್ತು. ಎರಡು ಸುಳಿವುಗಳನ್ನು ಜೋಡಿಸಿ ನೋಡುವುದಷ್ಟೇ ಕಲಿಯಬೇಕಾಗಿತ್ತು.

ಆದರೆ “ಹೇಗೆ ಗೊತ್ತಾಯಿತು? ಎಲ್ಲಿದೆ, ತೋರಿಸು” ಎಂಬ ಪ್ರಶ್ನೆಗಳನ್ನು ಶಿಕ್ಷಕರೇ ಮೊದಲು ಸಿದ್ಧಪಡಿಸಿಕೊಳ್ಳಬೇಕು, ಕಥೆಯನ್ನು ತೆರೆದು ಓದಿಸಿದ ಮಾತ್ರಕ್ಕೆ ಈ ಅಭ್ಯಾಸ ಬೆಳೆಯುವುದಿಲ್ಲ. ಧ್ವನಿಯೊಂದಿಗೆ ಓದಿಸುವ ವಿಡಿಯೊಗಳು ಉಚ್ಚಾರಣೆಗೆ ಒಳ್ಳೆಯವು, ಆದರೆ ಮಗು ಹಿಂದಿನ ಪುಟಕ್ಕೆ ಮರಳಿ ಯೋಚಿಸಲು ಅವು ಬಿಡುವು ಕೊಡುವುದಿಲ್ಲ. ಊಹೆಯ ಪಾಠಕ್ಕೆ ನಾನು ಅವನ್ನು ಬಳಸುವುದಿಲ್ಲ.

ಅಂತರ್ಜಾಲ ಸರಿಯಾಗಿ ಸಿಗದ ಊರುಗಳ ಶಿಕ್ಷಕರು ಪಿಡಿಎಫ್ ಇಳಿಸಿಕೊಂಡು ಮುದ್ರಿಸಬಹುದು. ಕಪ್ಪು-ಬಿಳುಪಿನಲ್ಲಿ ಮುದ್ರಿಸಿದರೆ ಸಂಜೆಯ ಕೆಂಪು ಬಾನು, ಹಣ್ಣಾದ ಎಲೆ ಮೊದಲಾದ ಬಣ್ಣದ ಸುಳಿವುಗಳು ಅಳಿಸಿಹೋಗುತ್ತವೆ. ಆದ್ದರಿಂದ ಮುದ್ರಣಕ್ಕೆ, ಪಾತ್ರಗಳ ಮುಖಭಾವ ಮತ್ತು ಚಲನೆಯಲ್ಲೇ ಸುಳಿವು ಇರುವ ಎರಡನೇ ಹಂತದ ಕಥೆಗಳನ್ನು ಆರಿಸಿಕೊಳ್ಳುವುದು ಉತ್ತಮ.