ಬೆಂಗಳೂರಿನಿಂದ ಶಿಕಾಗೊಗೆ: ಕೊಲ್ಲಿಯ ದಾರಿಯೋ, ಯುರೋಪಿನ ದಾರಿಯೋ?

ಬೆಂಗಳೂರಿನಿಂದ ಶಿಕಾಗೊಗೆ ನೇರ ವಿಮಾನ ಇಲ್ಲ. ಎಲ್ಲಾದರೂ ಒಂದು ಕಡೆ ಇಳಿದು ಮತ್ತೆ ಹತ್ತಲೇಬೇಕು. ಹಾಗಾಗಿ "ಯಾವ ಏರ್‌ಲೈನ್ ಚೆನ್ನಾಗಿದೆ?" ಎಂದು ಯಾರಾದರೂ ಕೇಳಿದರೆ, "ಎಲ್ಲಿ ಇಳಿಯೋಕೆ ಇಷ್ಟ?" ಅಂತ ನಾನು ತಿರುಗಿ ಕೇಳುತ್ತೇನೆ. ಎಕಾನಮಿ ಸೀಟಿನಲ್ಲಿ ಕೂರುವವರಿಗೆ ಪ್ರಯಾಣ ಎಲ್ಲಿ ತುಂಡಾಗುತ್ತದೆ ಅನ್ನೋದೇ ಮುಖ್ಯ. ಊಟ, ಸಿನಿಮಾ, ಕಂಪನಿಯ ಹೆಸರು ಎಲ್ಲ ಆಮೇಲೆ.

ಈ ದಾರಿಯಲ್ಲಿ ನಾನು ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್, ಲಂಡನ್, ದೆಹಲಿ ಎಲ್ಲದರ ಮೂಲಕವೂ ಓಡಾಡಿದ್ದೇನೆ. ಕೆಲವು ಸಲ ಒಬ್ಬಳೇ, ಕೆಲವು ಸಲ ಮಕ್ಕಳ ಜೊತೆ, ಕೆಲವು ಸಲ ಅಪ್ಪ ಅಮ್ಮನನ್ನು ಕರೆದುಕೊಂಡು. ಯಾರ ಜೊತೆ ಹೋಗುತ್ತೇನೆ ಅನ್ನುವುದರ ಮೇಲೆ ನನ್ನ ಆಯ್ಕೆ ಬದಲಾಗುತ್ತದೆ. ಎಲ್ಲರಿಗೂ ಒಂದೇ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ.

ಮೊದಲು ಗಂಟೆಗಳ ಲೆಕ್ಕ. ಕೊಲ್ಲಿಯ ದಾರಿ ಹಿಡಿದರೆ, ಅಂದರೆ ಎಮಿರೇಟ್ಸ್‌ನಲ್ಲಿ ದುಬೈ, ಕತಾರ್ ಏರ್‌ವೇಸ್‌ನಲ್ಲಿ ದೋಹಾ ಅಥವಾ ಎತಿಹಾದ್‌ನಲ್ಲಿ ಅಬುಧಾಬಿ ಮೂಲಕ ಹೋದರೆ, ಮೊದಲ ಹಾರಾಟ ಸುಮಾರು 4 ಗಂಟೆ. ಎರಡನೆಯದು 15 ಗಂಟೆಯ ಹತ್ತಿರ. ಲುಫ್ತಾನ್ಸದಲ್ಲಿ ಫ್ರಾಂಕ್‌ಫರ್ಟ್ ಮೂಲಕ ಅಥವಾ ಬ್ರಿಟಿಷ್ ಏರ್‌ವೇಸ್‌ನಲ್ಲಿ ಲಂಡನ್ ಮೂಲಕ ಹೋದರೆ ಮೊದಲನೆಯದು ಸುಮಾರು 10 ಗಂಟೆ, ಎರಡನೆಯದು ಸುಮಾರು 9. ಒಟ್ಟು ಹಾರುವ ಹೊತ್ತು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೈಗೆ ಅದು ಅಷ್ಟೇ ಅಲ್ಲ.

ಕೊಲ್ಲಿಯ ದಾರಿಯಲ್ಲಿ ಊಟ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಸಮಯ ಬರುತ್ತದೆ. ಅರೆನಿದ್ದೆಯಲ್ಲಿ ಎದ್ದು ಮತ್ತೆ ಸೆಕ್ಯುರಿಟಿ, ಮತ್ತೆ ಗೇಟು ಹುಡುಕಾಟ. ನಿಜವಾದ ಪ್ರಯಾಣ ಶುರುವಾಗುವುದೇ ಆಮೇಲೆ. 15 ಗಂಟೆಯಲ್ಲಿ ಮೊದಲ ಎಂಟು ಒಂಬತ್ತು ಗಂಟೆ ಹೇಗೋ ಕಳೆಯುತ್ತದೆ. ಅದು ದಾಟಿದ ಮೇಲೆ ಮಂಡಿ ಹಿಡಿದುಕೊಳ್ಳುತ್ತದೆ, ಪಾದ ಊದುತ್ತದೆ, ಎಷ್ಟು ಹೊತ್ತು ಉಳಿದಿದೆ ಎಂದು ಪರದೆ ನೋಡುವುದೇ ಕೆಲಸವಾಗುತ್ತದೆ. ಯುರೋಪಿನ ದಾರಿಯಲ್ಲಿ ಹಾಗಲ್ಲ. ಫ್ರಾಂಕ್‌ಫರ್ಟ್ ವಿಮಾನ ಬೆಂಗಳೂರಿನಿಂದ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಹತ್ತಿದ ಕೂಡಲೇ ಮಲಗಬಹುದು. ಇಳಿದಾಗ ಅಲ್ಲಿ ಬೆಳಗಾಗಿರುತ್ತದೆ. ಮುಖ ತೊಳೆದು, ಕಾಫಿ ಕುಡಿದು, ಉದ್ದದ ಕಾರಿಡಾರಿನಲ್ಲಿ ನಡೆದು ಕೈಕಾಲು ಸಡಿಲ ಮಾಡಿಕೊಂಡರೆ ಉಳಿದ 9 ಗಂಟೆ ಅಷ್ಟು ಭಾರ ಅನ್ನಿಸುವುದಿಲ್ಲ. ಒಬ್ಬಳೇ ಹೋಗುವಾಗ ನನ್ನ ಮೊದಲ ಆಯ್ಕೆ ಇದೇ.

ಪುಟ್ಟ ಮಕ್ಕಳಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. 15 ಗಂಟೆಯ ಒಂದೇ ಹಾರಾಟದಲ್ಲಿ ಮಗು ಒಂದು ಪೂರ್ತಿ ನಿದ್ದೆ ಮಾಡುತ್ತದೆ. ನಿದ್ದೆ ಹಿಡಿದ ಮಗುವನ್ನು ಎಬ್ಬಿಸಿ ಇಳಿಸುವ ಕಷ್ಟ ಇಲ್ಲ. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ದೋಹಾ ದಾರಿ ನಮಗೆ ತುಂಬಾ ಅನುಕೂಲವಾಯಿತು. ಅಲ್ಲಿನ ಹಮದ್ ನಿಲ್ದಾಣದ ಒಳಗೆ 'ದಿ ಆರ್ಚರ್ಡ್' ಎಂಬ ದೊಡ್ಡ ತೋಟ ಇದೆ, 2022ರಲ್ಲಿ ತೆರೆದದ್ದು. ಮರಗಿಡದ ನಡುವೆ ಓಡಾಡಿ ಸುಸ್ತಾದ ಮಗು ವಿಮಾನ ಹತ್ತಿದ ಕೂಡಲೇ ಮಲಗಿತು.

ಇನ್ನು ಸೀಟು. ಇಲ್ಲಿ ಕಂಪನಿಯ ಹೆಸರು ನೋಡಿ ಮೋಸ ಹೋಗಬೇಡಿ, ವಿಮಾನದ ಮಾದರಿ ನೋಡಿ. ಮುಂದಿನ ಸೀಟಿಗೂ ನಮ್ಮ ಸೀಟಿಗೂ ಇರುವ ಅಂತರ ಎಕಾನಮಿಯಲ್ಲಿ ಬಹುತೇಕ ಎಲ್ಲರದ್ದೂ 31–32 ಇಂಚು. ವ್ಯತ್ಯಾಸ ಇರುವುದು ಅಗಲದಲ್ಲಿ. ಬೋಯಿಂಗ್ 777ರಲ್ಲಿ ಮೊದಲು ಹೆಚ್ಚಿನ ಕಂಪನಿಗಳು ಸಾಲಿಗೆ 9 ಸೀಟು ಇಡುತ್ತಿದ್ದವು. ಈಗ ಹೆಚ್ಚಿನವರು 3-4-3 ಎಂದು 10 ಸೀಟು ತುರುಕುತ್ತಾರೆ. ಸೀಟಿನ ಅಗಲ 17 ಇಂಚಿನ ಆಸುಪಾಸು. ಏರ್‌ಬಸ್ ಎ350ಯಲ್ಲಿ ಸಾಮಾನ್ಯವಾಗಿ 3-3-3, ಸುಮಾರು 18 ಇಂಚು. ಒಂದು ಇಂಚು ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಅಕ್ಕಪಕ್ಕ ಇಬ್ಬರು ದೊಡ್ಡ ಮೈಯವರು ಕೂತಾಗ ಆ ಒಂದು ಇಂಚಿನ ಬೆಲೆ ಗೊತ್ತಾಗುತ್ತದೆ. ಬೋಯಿಂಗ್ 787ರಲ್ಲೂ 3-3-3 ಇದೆ, ಆದರೆ ಸೀಟು ಅಗಲವೇನಲ್ಲ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಎ330 ಅಥವಾ ಎ340 ಸಿಕ್ಕರೆ ಬಿಡಬೇಡಿ. ಅದರಲ್ಲಿ 2-4-2. ಕಿಟಕಿ ಪಕ್ಕದ ಜೋಡಿ ಸೀಟು ಹಿಡಿದರೆ ಮೂರನೆಯವರನ್ನು ಎಬ್ಬಿಸುವ ಸಂಕೋಚವೇ ಇಲ್ಲ.

ಬುಕಿಂಗ್ ಪುಟದಲ್ಲಿ ವಿಮಾನದ ಮಾದರಿ ಸಣ್ಣ ಅಕ್ಷರದಲ್ಲಿ ಇರುತ್ತದೆ. 77ಡಬ್ಲ್ಯು ಅಂದರೆ 777, 789 ಅಂದರೆ 787-9, 359 ಮತ್ತು 351 ಅಂದರೆ ಎ350. ಟಿಕೆಟ್ ತೆಗೆದ ಮೇಲೂ ವಿಮಾನ ಬದಲಾಗಬಹುದು. ಹೊರಡುವ ಹಿಂದಿನ ವಾರ ಇನ್ನೊಂದು ಸಲ ನೋಡಿ, ಸೀಟು ಸರಿ ಮಾಡಿಕೊಳ್ಳಿ.

787 ಮತ್ತು ಎ350ಯಲ್ಲಿ ಇನ್ನೊಂದು ಒಳ್ಳೆಯದಿದೆ. ಅದು ಗಾಳಿ. ಹಳೆಯ ವಿಮಾನಗಳ ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದಲ್ಲಿ ಇರುವಷ್ಟು ಇಳಿಯಬಹುದು. ಅದು ಊಟಿ ಪೇಟೆಗಿಂತ ಎತ್ತರ. ಈ ಹೊಸ ವಿಮಾನಗಳಲ್ಲಿ ಅದನ್ನು 6,000 ಅಡಿಯ ಮಟ್ಟಕ್ಕೆ ತಂದಿದ್ದಾರೆ. ಅದು ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ. ತೇವವೂ ಜಾಸ್ತಿ ಇರುತ್ತದೆ. ಇಳಿದ ಮೇಲೆ ತಲೆನೋವು, ಗಂಟಲು ಒಣಗುವುದು ನನಗೆ ಕಡಿಮೆಯಾಗಿದೆ. ಅಪ್ಪನಿಗೂ ಹಾಗೇ ಅನ್ನಿಸಿತು.

ಊಟದ ವಿಷಯಕ್ಕೆ ಬರೋಣ. ನಾವು ಸಸ್ಯಾಹಾರಿಗಳು. ಯಾವ ಕಂಪನಿಯಾದರೂ ಟಿಕೆಟ್ ತೆಗೆದ ದಿನವೇ 'ಏಷ್ಯನ್ ವೆಜಿಟೇರಿಯನ್' ಎಂದು ಹಾಕಿಬಿಡಿ. ಟಿಕೆಟ್ಟಿನ ಭಾಷೆಯಲ್ಲಿ ಎವಿಎಂಎಲ್. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಜೈನ್ ಊಟ ಇದೆ, ಅದು ವಿಜೆಎಂಎಲ್. ಹೊರಡುವ 24 ಗಂಟೆ ಮೊದಲಾದರೂ ಹೇಳಿರಬೇಕು, ಕೆಲವರು ಇನ್ನೂ ಮುಂಚೆ ಕೇಳುತ್ತಾರೆ. ಈ ಊಟ ಎಲ್ಲರಿಗಿಂತ ಮೊದಲು ಬರುತ್ತದೆ, ಬೇಗ ತಿಂದು ಮಲಗಬಹುದು.

ರುಚಿಯ ಗುಟ್ಟು ಕಂಪನಿಯಲ್ಲಿ ಇಲ್ಲ, ಅಡುಗೆ ಎಲ್ಲಿ ಆಯಿತು ಅನ್ನುವುದರಲ್ಲಿ ಇದೆ. ಬೆಂಗಳೂರಿನಿಂದ ಹೊರಡುವ ವಿಮಾನಕ್ಕೆ ಊಟ ತುಂಬುವುದು ಬೆಂಗಳೂರಿನಲ್ಲೇ. ಹಾಗಾಗಿ ಯಾವ ದೇಶದ ವಿಮಾನವಾದರೂ ಮೊದಲ ಊಟ ಚೆನ್ನಾಗಿಯೇ ಇರುತ್ತದೆ. ಎರಡನೇ ಹಾರಾಟದಲ್ಲಿ ವ್ಯತ್ಯಾಸ ಕಾಣುತ್ತದೆ. ದುಬೈ, ದೋಹಾ, ಅಬುಧಾಬಿಯ ಅಡುಗೆಮನೆಗಳಿಗೆ ದಿನವೂ ನಮ್ಮ ಕಡೆಯ ಪ್ರಯಾಣಿಕರು ಇರುತ್ತಾರೆ, ಅನ್ನ ಬೇಳೆ ಪಲ್ಯ ಅವರಿಗೆ ಕೈಹಿಡಿದ ಕೆಲಸ. ಎಮಿರೇಟ್ಸ್‌ನಲ್ಲಿ ನಾನು ತಿಂದ ಬೇಳೆ, ಪನೀರ್ ಮನೆಯವರಿಗೂ ಹಿಡಿಸಿತು. ಯುರೋಪಿನಿಂದ ಅಟ್ಲಾಂಟಿಕ್ ದಾಟುವಾಗ ಸಿಗುವ ಸಸ್ಯಾಹಾರ ಸಪ್ಪೆ. ಅದಕ್ಕೇ ಆ ದಾರಿ ಹಿಡಿದರೆ ನಾನು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತೇನೆ. ಉಪ್ಪಿನಕಾಯಿ, ಮೊಸರನ್ನ ಕೈಚೀಲದಲ್ಲಿ ಬೇಡ, ಸೆಕ್ಯುರಿಟಿಯಲ್ಲಿ ಅದನ್ನು ದ್ರವ ಅಂತ ತೆಗೆಸುತ್ತಾರೆ. ಮಧ್ಯದ ನಿಲ್ದಾಣದಲ್ಲಿ ಇನ್ನೊಮ್ಮೆ ತಪಾಸಣೆ ಇದ್ದೇ ಇರುತ್ತದೆ. ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ, ಅದು ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ. ತಿಪಟೂರಿನ ಗಿಟುಕು ಊರಲ್ಲೇ ಇರಲಿ.

ಸಿನಿಮಾ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಮಿರೇಟ್ಸ್ ಪರದೆಯಲ್ಲಿ ಆಯ್ಕೆ ತುಂಬಾ ಇದೆ. ಕನ್ನಡದ್ದು ಬೇಕಿದ್ದರೆ ಫೋನಿಗೆ ಇಳಿಸಿಕೊಂಡು ಹೋಗಿ.

ಕೈಚೀಲದ ತೂಕ ನೋಡಿಕೊಳ್ಳಿ. ಎಮಿರೇಟ್ಸ್, ಕತಾರ್, ಎತಿಹಾದ್ 7 ಕೆಜಿ ಕೊಡುತ್ತವೆ, ಲುಫ್ತಾನ್ಸ 8. ಬ್ರಿಟಿಷ್ ಏರ್‌ವೇಸ್‌ನಲ್ಲಿ 23 ಕೆಜಿವರೆಗೂ ಬಿಡುತ್ತಾರೆ, ನೀವೇ ಎತ್ತಿ ಮೇಲಿಡುವಂತಿರಬೇಕು ಅಷ್ಟೇ. ಪುಸ್ತಕ, ಪಾತ್ರೆ ಸಾಗಿಸುವವರಿಗೆ ಇದು ದೊಡ್ಡ ಲಾಭ. ದೊಡ್ಡ ಬ್ಯಾಗು ಒಂದೋ ಎರಡೋ ಅನ್ನುವುದು ಟಿಕೆಟ್ ದರದ ಮೇಲೆ ನಿಂತಿದೆ. ಅಗ್ಗದ ಟಿಕೆಟ್ ಕಂಡರೆ ಮೊದಲು ಅದನ್ನೇ ಓದಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು, ಅಪ್ಪ ಅಮ್ಮ ಇಬ್ಬರೇ ಬರುವಾಗ ಏನು ಮಾಡಬೇಕು ಅನ್ನೋದು. ಮೈಸೂರಿನಿಂದ ಹೊರಟ ಅವರಿಗೆ ಕನ್ನಡ ಬಿಟ್ಟರೆ ಸ್ವಲ್ಪ ಹಿಂದಿ ಬರುತ್ತದೆ. ಅವರ ಪ್ರಯಾಣಕ್ಕೆ ನಾನು ಅಬುಧಾಬಿಯನ್ನೇ ಹಿಡಿಯುತ್ತೇನೆ. ಕಾರಣ ಇದು. ಅಮೆರಿಕದ ಇಮಿಗ್ರೇಶನ್ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ. ಅಮೆರಿಕದ ಅಧಿಕಾರಿಗಳೇ 2014ರಿಂದ ಅಲ್ಲಿ ಕೂತಿದ್ದಾರೆ. ಈಗ ಆ ವ್ಯವಸ್ಥೆ 2023ರ ನವೆಂಬರ್‌ನಲ್ಲಿ ಶುರುವಾದ ಹೊಸ ಟರ್ಮಿನಲ್ ಎ ಒಳಗಿದೆ. "ಯಾರ ಮನೆಗೆ ಹೋಗ್ತೀರಿ, ಎಷ್ಟು ದಿನ ಇರ್ತೀರಿ" ಎಂಬ ಪ್ರಶ್ನೆಗೆ ಅವರು 4 ಗಂಟೆ ಹಾರಿದ ಮೇಲೆ ಉತ್ತರ ಹೇಳುತ್ತಾರೆ, 19 ಗಂಟೆ ಕೂತು ಬಳಲಿದ ಮೇಲೆ ಅಲ್ಲ. ಶಿಕಾಗೊದ ಒಹೇರ್‌ನಲ್ಲಿ ಇಳಿದಾಗ ದೇಶದೊಳಗಿನ ವಿಮಾನದಿಂದ ಇಳಿದವರ ಹಾಗೆ ಲಗೇಜ್ ತೆಗೆದುಕೊಂಡು ನೇರ ಹೊರಗೆ ಬರುತ್ತಾರೆ. ಮುಂದೆ ಇನ್ನೊಂದು ಅಮೆರಿಕದ ಊರಿಗೆ ಅದೇ ಟಿಕೆಟ್ಟಿನಲ್ಲಿ ಹೋಗುವವರಿಗಂತೂ ಇನ್ನೂ ಒಳ್ಳೆಯದು, ಮೊದಲ ನಿಲ್ದಾಣದಲ್ಲಿ ಬ್ಯಾಗು ಎತ್ತಿ ಕಸ್ಟಮ್ಸ್ ದಾಟಿಸಿ ಮತ್ತೆ ಕೊಡುವ ಗೋಜಿಲ್ಲ.

ಒಂದು ಎಚ್ಚರ ಬೇಕು. ಅಲ್ಲಿನ ಸಾಲು ಕೆಲವು ದಿನ ಉದ್ದ ಇರುತ್ತದೆ. ಮಧ್ಯದ ಬಿಡುವು ಮೂರು ನಾಲ್ಕು ಗಂಟೆ ಇರುವ ಟಿಕೆಟ್ಟನ್ನೇ ತೆಗೆಯಿರಿ. ವೀಲ್‌ಚೇರ್‌ಗೆ ಬುಕಿಂಗ್ ಮಾಡುವಾಗಲೇ ಹೇಳಿ, ಅದಕ್ಕೆ ದುಡ್ಡಿಲ್ಲ. ನಡೆಯಲು ಬರುತ್ತದೆ, ಆದರೆ ದೂರ ಆಗುವುದಿಲ್ಲ ಅನ್ನುವವರಿಗೂ ಅದು ಸಿಗುತ್ತದೆ. ಅಮ್ಮ ಮೊದಲು "ನಾನೇನು ರೋಗಿನಾ?" ಅಂತ ಒಪ್ಪಲಿಲ್ಲ. "ಅಮ್ಮಾ, ಗೇಟು ತಪ್ಪದ ಹಾಗೆ ಕೈಹಿಡಿದು ಕರ್ಕೊಂಡು ಹೋಗೋರು ಅವರು" ಎಂದ ಮೇಲೆ ಒಪ್ಪಿದರು. ಅವರ ಕೈಚೀಲದಲ್ಲಿ ಒಂದು ಚೀಟಿ ಇಡುತ್ತೇನೆ. ನಾವು ಕನ್ನಡ ಮಾತಾಡುವವರು, ಮಗಳ ಫೋನ್ ಸಂಖ್ಯೆ ಇದು, ಇಳಿದುಕೊಳ್ಳುವ ವಿಳಾಸ ಇದು, ಸೇವಿಸುವ ಔಷಧಿ ಇವು ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತೇನೆ.

ಏರ್ ಇಂಡಿಯಾದಲ್ಲಿ ದೆಹಲಿ ಮೂಲಕ ಬರುವುದೂ ಹಿರಿಯರಿಗೆ ಹಿತವೇ. ಭಾಷೆಯ ಭಯ ಇಲ್ಲ, ಸಸ್ಯಾಹಾರ ಎರಡೂ ಹಾರಾಟದಲ್ಲಿ ಸಹಜವಾಗಿ ಸಿಗುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಅಮೆರಿಕದ ಕಡೆಗಿನ ದಾರಿ ಸುತ್ತಾಯಿತು. ಮೊದಲೇ ಉದ್ದದ ಹಾರಾಟ ಇನ್ನೂ ಉದ್ದವಾಯಿತು. ಕೊಲ್ಲಿಗೂ ಇಂಥದೇ ಅಪಾಯ ಇದೆ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶ ಮುಚ್ಚಿದಾಗ ದಾರಿಯಲ್ಲಿದ್ದ ವಿಮಾನಗಳು ಬೇರೆ ಊರುಗಳಲ್ಲಿ ಇಳಿಯಬೇಕಾಯಿತು. ಹಾಗಾಗಿ ಆ ಭಾಗದಲ್ಲಿ ಬಿಗುವು ಇದ್ದರೆ ಅಪ್ಪ ಅಮ್ಮನನ್ನು ಆ ದಾರಿಯಲ್ಲಿ ಕಳಿಸಬೇಡಿ, ಟಿಕೆಟ್ ಎಷ್ಟೇ ಅಗ್ಗವಾಗಿರಲಿ.

ಯುರೋಪಿನ ದಾರಿಯ ಮುಳ್ಳು ಬೇರೆ. ಅದು ಟ್ರಾನ್ಸಿಟ್ ವೀಸಾ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವ ನಮ್ಮವರು ಬಹಳ ಜನ ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಕೆಲಸದ ಅನುಮತಿ ಚಾಲ್ತಿಯಲ್ಲಿರುತ್ತದೆ, ಆದರೆ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ. ಅದನ್ನು ಹೊಸದು ಮಾಡಿಸಲೆಂದೇ ಊರಿಗೆ ಹೊರಟಿರುತ್ತಾರೆ. ಭಾರತದ ಪಾಸ್‌ಪೋರ್ಟಿಗೆ ಯುರೋಪಿನ ಕೆಲವು ನಿಲ್ದಾಣಗಳಲ್ಲಿ ಬರೀ ವಿಮಾನ ಬದಲಿಸಲೂ ವೀಸಾ ಕೇಳುವ ನಿಯಮ ಇತ್ತು, ಅಮೆರಿಕದ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ. ನಿಯಮಗಳು ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮೊದಲು ಆ ದೇಶದ ದೂತಾವಾಸದ ಪುಟವನ್ನೇ ನೋಡಿ, ಗೆಳೆಯರ ಮಾತು ಕೇಳಿ ಸುಮ್ನೆ ಹೊರಡಬೇಡಿ. ಕೊಲ್ಲಿಯಲ್ಲಿ ನಿಲ್ದಾಣದ ಹೊರಗೆ ಹೋಗದಿದ್ದರೆ ಈ ತಲೆಬಿಸಿ ಇಲ್ಲ.

ಯಾವ ದಾರಿಯಾದರೂ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಲಿ. ಒಮ್ಮೆ ಮೊದಲ ವಿಮಾನ ತಡವಾಗಿ ನಮ್ಮ ಎರಡನೆಯದು ಹೊರಟೇ ಹೋಗಿತ್ತು. ಕೌಂಟರಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರು, ಮಕ್ಕಳು ಅಳುತ್ತಿದ್ದವು. ಆದರೂ ಒಂದೇ ಟಿಕೆಟ್ ಆದ್ದರಿಂದ ಮಾರನೇ ದಿನದ ಸೀಟು, ರಾತ್ರಿಯ ಹೋಟೆಲು ಎರಡನ್ನೂ ಅವರೇ ಕೊಡಬೇಕಾಯಿತು. ಸ್ವಲ್ಪ ಉಳಿಸಲು ಬೇರೆ ಬೇರೆ ತೆಗೆದಿದ್ದರೆ ಅಲ್ಲೇ ಹೊಸ ಟಿಕೆಟ್ ಕೊಳ್ಳಬೇಕಿತ್ತು.

ವಾಪಸ್ ಬರುವಾಗ ಒಂದು ಸಣ್ಣ ವಿಷಯ ನೋಡಿ, ಬೆಂಗಳೂರು ಮುಟ್ಟುವ ಹೊತ್ತು. ಫ್ರಾಂಕ್‌ಫರ್ಟಿನಿಂದ ಬರುವ ವಿಮಾನ ಇಳಿಯುವುದು ನಡುರಾತ್ರಿಯಲ್ಲಿ. ಕೊಲ್ಲಿಯಿಂದ ದಿನಕ್ಕೆ ಹಲವು ವಿಮಾನ ಇವೆ, ಬೆಳಗಿನ ಹೊತ್ತು ಇಳಿಯುವುದನ್ನು ಆರಿಸಿಕೊಳ್ಳಬಹುದು. ಮೈಸೂರಿನ ಕಡೆಯವರು ನಿಲ್ದಾಣದಿಂದಲೇ ಕೆಎಸ್ಆರ್‌ಟಿಸಿಯ ಫ್ಲೈಬಸ್ ಹಿಡಿದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತಾರೆ.