ಮೇಜಿನ ಮೇಲೆ ಪಾಸಾಗಿ ಮೈದನಹಳ್ಳಿಯಲ್ಲಿ ಫೇಲಾದ ಲೆನ್ಸ್: ಹಳೇ ಟೆಲಿ ಜೂಮ್ ಕೊಳ್ಳುವವರಿಗೆ ಎಚ್ಚರಿಕೆ

ತುಮಕೂರಿನ ಹವ್ಯಾಸಿಯೊಬ್ಬರು ದೂರದ ಪ್ರಾಣಿ-ಪಕ್ಷಿಗಳನ್ನು ಹತ್ತಿರ ತೋರಿಸುವ 150-600 ಮಿ.ಮೀ. ಜೂಮ್ ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ, ಹೊಸದರ ಅರ್ಧ ಬೆಲೆಗೆ ಕೊಂಡರು. ಹೊರಮೈಯಲ್ಲಿ ಒಂದು ಗೀರೂ ಇರಲಿಲ್ಲ. ಮನೆಯಲ್ಲಿ ಎರಡು ದಿನ ಸ್ಟಿಲ್ ಲೈಫ್ ತೆಗೆದು ನೋಡಿದ್ದಾಯಿತು. ಶ್ರೀನಿವಾಸಪುರದ ಬಾದಾಮಿ ಮಾವು, ಹಿತ್ತಾಳೆ ತಂಬಿಗೆ, ಕಿಟಕಿಯ ಬೆಳಕು. ಮಾವಿನ ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳೆಲ್ಲ ಎಣಿಸುವಷ್ಟು ಚೆನ್ನಾಗಿ ಬಂದವು. ಪೂರ್ತಿ ಹಣ ಸಂದಾಯವಾಯಿತು. ಮೂರನೇ ದಿನ ಬೆಳಿಗ್ಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶದಲ್ಲಿ ತೆಗೆದ ಚಿತ್ರಗಳಲ್ಲಿ ಒಂದೂ ಉಳಿಸಿಕೊಳ್ಳುವ ಹಾಗಿರಲಿಲ್ಲ. ಕಪ್ಪು ಗಂಡಿನ ಮೈ ಬೂದಿ ಬಳಿದಂತೆ, ಕೊಂಬಿನ ಸುರುಳಿ ಕಲಸಿಹೋದಂತೆ, ಕಣ್ಣಿನ ಬದಲು ಹಿಂದಿನ ಹುಲ್ಲು ಚೂಪಾಗಿ. ಮಾರಿದವರನ್ನು ಕೇಳಿದರೆ ಬಂದ ಉತ್ತರ, “ನೋಡಿಯೇ ತಗೊಂಡಿದ್ದೀರಲ್ಲ, ವಾಪಸ್ ಇಲ್ಲ.”

ಆಮೇಲೆ ಲೆನ್ಸ್ ಬಿಚ್ಚಿಸಿ, ಪರೀಕ್ಷಿಸಿ ನೋಡಿದಾಗ ಮೂರು ದೋಷ ಸಿಕ್ಕವು. ಒಳಗಾಜುಗಳ ಮೇಲೆ ಎಣ್ಣೆಯ ತೆಳು ಪೊರೆ, ಅಂಚಿನಲ್ಲಿ ಫಂಗಸ್. ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ಫೋಕಸ್ ಮಾಡಿದರೆ ಗುರಿಗಿಂತ ಹಿಂದಕ್ಕೆ ಫೋಕಸ್. ಜೊತೆಗೆ ಆಗಾಗ ಹಾರುವ ಸ್ಟೆಬಿಲೈಸರ್ (ಕೈ ನಡುಗಿದರೂ ಬಿಂಬ ಅಲುಗದಂತೆ ತಡೆಯುವ ಭಾಗ). ಈ ಮೂರನ್ನೂ ಮಾವಿನಹಣ್ಣಿನ ಚಿತ್ರ ಮುಚ್ಚಿಟ್ಟಿತ್ತು. ಅದು ಹೇಗೆ ಎಂದು ತಿಳಿಯದಿದ್ದರೆ ಮುಂದಿನ ಲೆನ್ಸ್‌ನಲ್ಲೂ ಇದೇ ಆಗುತ್ತದೆ.

ಆ ಚಿತ್ರಗಳನ್ನು ತೆಗೆದದ್ದು 150 ಮಿ.ಮೀ., ಎಫ್/11, ಸುಮಾರು 3 ಮೀಟರ್ ದೂರದಿಂದ, ಟ್ರೈಪಾಡ್ ಮೇಲೆ. ಫೋಕಲ್ ಲೆಂಗ್ತನ್ನು, ಅಂದರೆ ಜೂಮಿನ ಮಿ.ಮೀ. ಅಂಕಿಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಹಾದುಬರುವ ಕಿಂಡಿಯ ಅಗಲ ಸಿಗುತ್ತದೆ. 150ನ್ನು 11ರಿಂದ ಭಾಗಿಸಿದರೆ 14 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಅದೇ 600ರಲ್ಲಿ ಎಫ್/6.3 ಇಟ್ಟರೆ 95 ಮಿ.ಮೀ. ಅಂದರೆ ಮೇಜಿನ ಮೇಲೆ ಪರೀಕ್ಷೆಯಾದದ್ದು ಲೆನ್ಸ್‌ನ ನಟ್ಟನಡುವಿನ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಭಾಗ ಮಾತ್ರ. ಅಂಚಿನಲ್ಲಿದ್ದ ಫಂಗಸ್‌ಗೆ ಚಿತ್ರದಲ್ಲಿ ಪಾತ್ರವೇ ಇರಲಿಲ್ಲ. ಮೈದನಹಳ್ಳಿಯಲ್ಲಿ ಇಡೀ ಗಾಜು ಕೆಲಸಕ್ಕೆ ಬಂತು.

ಫೋಕಸ್ ದೋಷ ಅಡಗಿದ್ದಕ್ಕೆ ಎರಡು ಕಾರಣ. ಎಪಿಎಸ್-ಸಿ ಅಳತೆಯ ಸೆನ್ಸರ್‌ನಲ್ಲಿ (ಬಿಂಬ ಹಿಡಿಯುವ ಚಿಪ್) ಮೇಲೆ ಹೇಳಿದ ಸೆಟ್ಟಿಂಗ್‌ಗೆ ಚೂಪಾಗಿ ಕಾಣುವ ಆಳ ಸುಮಾರು 17 ಸೆಂ.ಮೀ. ಮಾವಿನಹಣ್ಣು ಮುಂದಿದ್ದರೂ ಹಿಂದಿದ್ದರೂ ಅದರೊಳಗೇ ಬೀಳುತ್ತದೆ. 600ರಲ್ಲಿ ಎಫ್/6.3 ಇಟ್ಟು 10 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ ಸಿಗುವ ಆಳ ಸುಮಾರು 7 ಸೆಂ.ಮೀ. ಮಾತ್ರ. ಎರಡನೆಯದು ಇನ್ನೂ ಮುಖ್ಯ: ಟ್ರೈಪಾಡ್ ಮೇಲಿದ್ದಾಗ ಹೆಚ್ಚಿನವರು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಫೋಕಸ್ ಮಾಡುತ್ತಾರೆ. ಲೈವ್ ವ್ಯೂ ಸೆನ್ಸರ್ ಮೇಲೆಯೇ ಬಿಂಬ ನೋಡಿ ಫೋಕಸ್ ಮಾಡುತ್ತದೆ, ಹಾಗಾಗಿ ತಪ್ಪುವುದಿಲ್ಲ. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ನೋಡುವಾಗ ಕನ್ನಡಿಯ ಕೆಳಗಿನ ಬೇರೆಯೇ ಫೋಕಸ್ ಸೆನ್ಸರ್ ಕೆಲಸ ಮಾಡುತ್ತದೆ. ಅದಕ್ಕೂ ಲೆನ್ಸ್‌ಗೂ ಹೊಂದಿಕೆ ತಪ್ಪಿದ್ದರೆ ಗೊತ್ತಾಗುವುದು ಓಡುವ ಮೃಗದ ಮುಂದೆಯೇ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಳಸುವವರಿಗೆ ಈ ಒಂದು ಕಾಟ ಇಲ್ಲ.

ಟ್ರೈಪಾಡ್ ಮೇಲೆ ಸ್ಟೆಬಿಲೈಸರ್ ಆಫ್ ಮಾಡುವುದು ರೂಢಿ. ಹಾಗಾಗಿ ಅದರ ದೋಷ ಕಾಣುವ ಮಾತೇ ಇಲ್ಲ.

ಇನ್ನು ಬೇಸಿಗೆಯ ಝಳದ ವಿಷಯ. ಮೈದನಹಳ್ಳಿಯ ಚಿತ್ರ ನೋಡಿದ ಅನುಭವಸ್ಥರೆಲ್ಲ ಮೊದಲು ಹೇಳಿದ್ದು, “ಲೆನ್ಸ್ ಸರಿ ಇದೆ, ಅದು ಬಿಸಿಲಿನ ಝಳ.” ಆ ಮಾತನ್ನು ನಂಬಿ ವಾರಗಳು ಕಳೆದವು, ಮಾರಿದವರ ಮೇಲೆ ಒತ್ತಡ ಹಾಕುವ ಸಮಯವೂ ಹೋಯಿತು. ಝಳ ಸುಳ್ಳಲ್ಲ. ಜಯಮಂಗಲಿ ನದಿಯ ಸುತ್ತಲಿನ ಆ ಬಯಲು ಹುಲ್ಲುಗಾವಲಿನಲ್ಲಿ ಬೇಸಿಗೆ ಬಿಸಿಲು ಏರುತ್ತಲೇ ನೆಲ ಕಾಯುತ್ತದೆ, ಬಿಸಿ ಗಾಳಿ ಅಲೆಅಲೆಯಾಗಿ ಏಳುತ್ತದೆ. 150 ಮೀಟರ್ ಆಚೆಯ ಮೃಗ ಎಂಥ ದುಬಾರಿ ಲೆನ್ಸ್‌ನಲ್ಲೂ ಚೂಪಾಗಿ ಬರುವುದಿಲ್ಲ. ಶಟರ್ 1/2000ಕ್ಕೆ ಏರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅಲುಗುತ್ತಿರುವುದು ಕೈಯಲ್ಲ, ನಡುವಿನ ಗಾಳಿ. ಆದರೆ ಝಳಕ್ಕೂ ಲೆನ್ಸ್ ದೋಷಕ್ಕೂ ಗುರುತು ಬೇರೆ ಬೇರೆ. ಬಟನ್ ಒತ್ತಿಹಿಡಿದು 20 ಚಿತ್ರಗಳ ಒಂದು ಬರ್ಸ್ಟ್ ಹೊಡೆದು ಸಾಲಾಗಿ ನೋಡಿ. ಝಳವಾದರೆ ಪ್ರತಿ ಚಿತ್ರದಲ್ಲೂ ಕೊಂಬಿನ ಅಂಚು ಬೇರೆ ಬೇರೆ ರೀತಿ ಸೊಟ್ಟಗಾಗಿರುತ್ತದೆ. ಒಂದರಲ್ಲಿ ಕಣ್ಣು ಸ್ವಲ್ಪ ಚೂಪು, ಇನ್ನೊಂದರಲ್ಲಿ ಕಾಲು. ಪೊರೆ ಕಟ್ಟಿದ ಲೆನ್ಸಾದರೆ ಇಪ್ಪತ್ತೂ ಒಂದೇ ಥರ ಮಂಕು. ಫೋಕಸ್ ಹಿಂದೆ ಬೀಳುತ್ತಿದ್ದರೆ ಎಲ್ಲದರಲ್ಲೂ ಹಿಂದಿನ ಹುಲ್ಲೇ ಚೂಪು. ಲೆನ್ಸ್ ಒಳಗಿನ ಒಂದು ಗಾಜು ವಾಲಿದ್ದರೆ ಯಾವಾಗಲೂ ಒಂದೇ ಬದಿ ಕಲಸಿರುತ್ತದೆ. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ, ನೆಲ ತಣ್ಣಗಿರುವಾಗ, 20 ಮೀಟರ್ ಒಳಗಿನ ಒಂದು ಕಲ್ಲನ್ನೋ ಬೇಲಿ ಕಂಬವನ್ನೋ ತೆಗೆದು ನೋಡಿ. ಅದೂ ಮಂಕಾದರೆ ಝಳದ ಮೇಲೆ ಹಾಕುವ ಹಾಗಿಲ್ಲ.

ಝಳ ಕಾರಿನ ಒಳಗಿಂದಲೂ ಬರುತ್ತದೆ. ಎಸಿ ಹಾಕಿಕೊಂಡು ಬಂದು ಗಾಜು ಇಳಿಸಿದ ಕೂಡಲೇ ಒಳಗಿನ ತಣ್ಣನೆ ಗಾಳಿ, ಹೊರಗಿನ ಬಿಸಿ ಗಾಳಿ ಲೆನ್ಸ್‌ನ ಮುಂದೆಯೇ ಬೆರೆಯುತ್ತವೆ. ಎಂಜಿನ್ ಆಫ್ ಮಾಡಿ, ಎಲ್ಲ ಕಿಟಕಿ ತೆರೆದು ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಬಾನೆಟ್ ಮೇಲಿಂದ ತೆಗೆಯಬೇಡಿ. ಚಿತ್ರ ಚೂಪಾಗಲಿಲ್ಲವೆಂದು ಮೃಗದ ಹಿಂದೆ ಹುಲ್ಲಿನೊಳಗೆ ಗಾಡಿ ನುಗ್ಗಿಸುವುದಂತೂ ಬೇಡವೇ ಬೇಡ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ, ಬೆನ್ನಟ್ಟುವುದೇ ಅಪರಾಧ.

ಸ್ಟಿಲ್ ಲೈಫ್ ಮೇಜನ್ನು ದೂರುವುದಕ್ಕಾಗಿ ಇದನ್ನೆಲ್ಲ ಹೇಳುತ್ತಿಲ್ಲ. ಲೆನ್ಸ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಡುವ ವಸ್ತು, ಇಡುವ ಸೆಟ್ಟಿಂಗ್ ಬದಲಾಗಬೇಕು ಅಷ್ಟೆ. ಲೆನ್ಸ್‌ಗೆ ಅನುಕೂಲವಾಗುವ ಚಿತ್ರವಲ್ಲ, ಅದಕ್ಕೆ ಕಷ್ಟ ಕೊಡುವ ಚಿತ್ರ ತೆಗೆಯಬೇಕು. ಮೊದಲು ಮುಂದೆ ಹಾಕಿರುವ ಅಗ್ಗದ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ. 600 ಮಿ.ಮೀ. ಮುಂದೆ ಕೆಟ್ಟ ಫಿಲ್ಟರ್ ಒಂದೇ ಸಾಕು ಒಳ್ಳೆಯ ಲೆನ್ಸನ್ನೂ ಹಾಳು ಎನಿಸಲು.

ಪೊರೆ ಪತ್ತೆಗೆ ಶಿಡ್ಲಘಟ್ಟದ ಬಿಳಿ ರೇಷ್ಮೆ ಗೂಡು ಹೇಳಿ ಮಾಡಿಸಿದ ವಸ್ತು. ಹೊಳಪಿಲ್ಲದ ಕಪ್ಪು ಬಟ್ಟೆಯ ಮೇಲೆ ನಾಲ್ಕೈದು ಗೂಡು ಹರಡಿ. 600 ಮಿ.ಮೀ., ಎಫ್/6.3. ಗೂಡಿನ ಹಿಂದೆ, ಚೌಕಟ್ಟಿನಿಂದ ಸ್ವಲ್ಪವೇ ಆಚೆ, ಒಂದು ಟೇಬಲ್ ಲ್ಯಾಂಪನ್ನು ಲೆನ್ಸ್ ಕಡೆ ತಿರುಗಿಸಿ ಇಡಿ. ಒಂದು ಚಿತ್ರ ಲ್ಯಾಂಪ್ ಆರಿಸಿ, ಇನ್ನೊಂದು ಹಚ್ಚಿ. ಎರಡರಲ್ಲೂ ಎಕ್ಸ್‌ಪೋಷರ್ ಮ್ಯಾನುಯಲ್, ಒಂದೇ. ಯಾವ ಲೆನ್ಸ್‌ಗಾದರೂ ಕಪ್ಪು ಸ್ವಲ್ಪ ತಿಳಿಯಾಗುತ್ತದೆ. ಪೊರೆ ಇದ್ದರೆ ಬಟ್ಟೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿ, ಗೂಡಿನ ಸುತ್ತ ಬಿಳಿ ಪ್ರಭೆ ಹಬ್ಬುತ್ತದೆ, ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ಗ್ರಾಫ್) ಎಡ ಗೋಡೆ ಬಿಟ್ಟು ನಡುವಿಗೆ ಸರಿಯುತ್ತದೆ. ನಂಬಿಕೆಯ ಇನ್ನೊಂದು ಲೆನ್ಸ್‌ನಲ್ಲಿ ಅದೇ ಜೋಡಿ ಚಿತ್ರ ತೆಗೆದು ಪಕ್ಕದಲ್ಲಿಟ್ಟರೆ ಅನುಮಾನಕ್ಕೆ ಎಡೆಯಿಲ್ಲ. ನೋಡಬೇಕಾದದ್ದು ರಾ ಫೈಲ್, ಅಂದರೆ ಕ್ಯಾಮೆರಾದ ತಿದ್ದದ ಮೂಲ ಕಡತ. ಮಾರುವವರು ಕಳಿಸುವ ಮಾದರಿ ಚಿತ್ರಗಳಿಗೆ ಸಾಫ್ಟ್‌ವೇರ್‌ನಲ್ಲಿ ‘ಡಿಹೇಜ್’ (ಮಂಜು ತೆಗೆಯುವ ಆಯ್ಕೆ) ಎಳೆದಿದ್ದರೆ ಇಂಥ ಮಂಕೆಲ್ಲ ಮಾಯವಾಗಿರುತ್ತದೆ. ಈ ಲೆನ್ಸ್‌ನ ವಿಷಯದಲ್ಲಿ ನಡೆದದ್ದೂ ಅದೇ ಇರಬೇಕು ಎಂಬುದು ನಮ್ಮ ಅನುಮಾನ.

ಗಾಜು ವಾಲಿದೆಯೇ ಎಂದು ನೋಡಲು ರಾಗಿ. ಮೇಜಿನ ಮೇಲೆ ಕಾಗದ ಹಾಸಿ ಒಂದು ಪದರ ರಾಗಿ ಹರಡಿ, 3 ಮೀಟರ್ ದೂರದಿಂದ ಸ್ವಲ್ಪ ಮೇಲಿನಿಂದ ಓರೆಯಾಗಿ ನೋಡುವಂತೆ ಕ್ಯಾಮೆರಾ ನಿಲ್ಲಿಸಿ. ಅದು ಎಡ-ಬಲ ಮಟ್ಟವಾಗಿರಲಿ. 600ರಲ್ಲಿ ಎಫ್/6.3ಕ್ಕೆ ಈ ದೂರದಲ್ಲಿ ಚೂಪಾಗುವ ಆಳ ಸುಮಾರು 5 ಮಿ.ಮೀ., ಅಂದರೆ ಮೂರು ನಾಲ್ಕು ರಾಗಿ ಕಾಳಿನಷ್ಟು ಅಗಲದ ಒಂದು ಪಟ್ಟಿ. ಆ ಪಟ್ಟಿ ಚಿತ್ರದ ಎಡದಿಂದ ಬಲಕ್ಕೆ ನೇರವಾಗಿ ಹರಿಯಬೇಕು. ಓರೆಯಾಗಿದ್ದರೆ, ಅಥವಾ ಒಂದು ಬದಿಗೆ ಹೋಗುತ್ತಾ ಕಲಸಿಹೋದರೆ, ಗಾಜು ವಾಲಿದೆ, ಲೆನ್ಸ್ ಎಂದೋ ಬಿದ್ದಿರಬಹುದು. ಇದನ್ನು ಸರಿಪಡಿಸುವುದು ಬಹಳ ಕಷ್ಟದ ಕೆಲಸ, ಇಂಥ ಲೆನ್ಸ್ ಎಷ್ಟೇ ಅಗ್ಗವಾದರೂ ಬೇಡ.

ಫೋಕಸ್ ಹೊಂದಿಕೆಗೆ ಜುಟ್ಟಿರುವ ತೆಂಗಿನಕಾಯಿ. ನಾರಿನ ಎಳೆಗಳು ಫೋಕಸ್ ಸೆನ್ಸರ್‌ಗೆ ಚೆನ್ನಾಗಿ ಸಿಗುತ್ತವೆ, ತುಮಕೂರು ಜಿಲ್ಲೆಯಲ್ಲಿ ಕಾಯಿಗೇನೂ ಬರವಿಲ್ಲ. ಐದು ಕಾಯಿಗಳನ್ನು ಒಂದರ ಹಿಂದೆ ಒಂದು 10 ಸೆಂ.ಮೀ. ಅಂತರದಲ್ಲಿ, ಒಂದಕ್ಕೊಂದು ಮರೆಯಾಗದಂತೆ ಪಕ್ಕಕ್ಕೆ ಸರಿಸಿ ಜೋಡಿಸಿ. ಕ್ಯಾಮೆರಾ 15 ಮೀಟರ್ ದೂರ ಇರಲಿ. ಫೋಕಲ್ ಲೆಂಗ್ತಿನ 25 ಪಟ್ಟು ಅಂದರೆ ಇಷ್ಟೇ ಬರುತ್ತದೆ. ಹಿತ್ತಲಲ್ಲೋ ಮಹಡಿಯ ಮೇಲೋ ಬೆಳಗಿನ ತಂಪಿನಲ್ಲಿ ಮಾಡಿ. ನಡುವಿನ ಕಾಯಿಗೆ ವ್ಯೂಫೈಂಡರ್‌ನಲ್ಲಿ, ಮಧ್ಯದ ಒಂದೇ ಫೋಕಸ್ ಬಿಂದುವಿನಿಂದ ಹತ್ತು ಚಿತ್ರ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿಯಬೇಕು, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ. ಆಮೇಲೆ ಲೈವ್ ವ್ಯೂನಲ್ಲಿ ಹತ್ತು. ಲೈವ್ ವ್ಯೂನಲ್ಲಿ ನಡುವಿನ ಕಾಯಿ, ವ್ಯೂಫೈಂಡರ್‌ನಲ್ಲಿ ಸದಾ ನಾಲ್ಕನೆಯದು ಚೂಪಾದರೆ ಅದು ಹಿಂದೆ ಬೀಳುವ ದೋಷ. ಕ್ಯಾಮೆರಾ ಮೆನುವಿನಲ್ಲಿ ಆಟೋಫೋಕಸ್ ಫೈನ್ ಟ್ಯೂನ್ (ಫೋಕಸನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ಆಯ್ಕೆ) ಇದ್ದರೆ ಸರಿಪಡಿಸಿಕೊಳ್ಳಬಹುದು, ಭಯ ಬೇಡ. ಆದರೆ ಆರಂಭಿಕ ದರ್ಜೆಯ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಆ ಮೆನುವೇ ಇರುವುದಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎರಡೂ ವಿಧಾನದಲ್ಲಿ ಎಲ್ಲವೂ ಮಂಕಾದರೆ ತೊಂದರೆ ಗಾಜಿನದು. ಹತ್ತರಲ್ಲಿ ಹತ್ತೂ ಬೇರೆ ಬೇರೆ ಕಡೆ ಬಿದ್ದರೆ ಫೋಕಸ್ ಮೋಟಾರ್ ಸವೆದಿರಬಹುದು, ಅದಕ್ಕೆ ಫೈನ್ ಟ್ಯೂನ್ ಮದ್ದಲ್ಲ.

ಸ್ಟೆಬಿಲೈಸರ್‌ಗೆ ಟ್ರೈಪಾಡ್ ಬಿಟ್ಟು ನಿಂತು, 600ರಲ್ಲಿ, 1/125 ಸೆಕೆಂಡಿಗೆ ಇಪ್ಪತ್ತು ಚಿತ್ರ. ಬಟನ್ ಅರ್ಧ ಒತ್ತಿ ಒಂದು ಸೆಕೆಂಡ್ ತಡೆದರೆ ನೋಟ ತೇಲುತ್ತಾ ನಿಲ್ಲಬೇಕು. ನಿಂತದ್ದು ಮತ್ತೆ ಧಡಕ್ಕನೆ ಹಾರಿದರೆ ಅದು ಕೆಟ್ಟಿದೆ. ಕ್ಯಾಮೆರಾ ಆಫ್ ಇದ್ದಾಗ ಲೆನ್ಸ್ ಅಲುಗಿಸಿದರೆ ಒಳಗೆ ಲೊಟಲೊಟ ಸದ್ದು ಬರುವುದು ಕೆಲವು ಲೆನ್ಸ್‌ಗಳಲ್ಲಿ ಸಹಜ, ಅದಕ್ಕೆ ಹೆದರಿ ಒಳ್ಳೆಯ ಲೆನ್ಸ್ ಬಿಡಬೇಡಿ.

ಇಷ್ಟಕ್ಕೂ ಮೊದಲು ಟಾರ್ಚ್. ಎರಡೂ ಮುಚ್ಚಳ ತೆಗೆದು, ಹಿಂಬದಿಯಿಂದ ಟಾರ್ಚ್ ಬಿಟ್ಟು, ಮುಂದಿನ ಗಾಜನ್ನು ನೇರವಾಗಿ ಅಲ್ಲ, ಓರೆಯಾಗಿ ನೋಡಿ. ನಂತರ ತಿರುಗಿಸಿ ಮುಂದಿನಿಂದ ಬೆಳಕು ಬಿಟ್ಟು ಹಿಂದಿನಿಂದ ನೋಡಿ. ಜೂಮನ್ನು ಎರಡೂ ತುದಿಗೆ ಎಳೆದು ನೋಡಿ, ಒಂದು ತುದಿಯಲ್ಲಿ ಮರೆಯಾದದ್ದು ಇನ್ನೊಂದರಲ್ಲಿ ಕಾಣುತ್ತದೆ. ನಾಲ್ಕಾರು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗದು. ಜೇಡರ ಬಲೆಯ ಎಳೆಯಂತೆ ಕವಲೊಡೆದದ್ದು ಕಂಡರೆ ಫಂಗಸ್. ಉಸಿರು ಬಿಟ್ಟ ಕನ್ನಡಿಯಂತೆ ಸಮನಾಗಿ ಮಂಜಾಗಿದ್ದರೆ ಪೊರೆ. ಲೆನ್ಸ್‌ನೊಳಗಿನ ಗ್ರೀಸಿನ ಎಣ್ಣೆ ವರ್ಷಾನುಗಟ್ಟಲೆ ಬಿಸಿಗೆ ಆವಿಯಾಗಿ ಗಾಜಿನ ಮೇಲೆ ಕೂರುವುದರಿಂದ ಹೀಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟ ಲೆನ್ಸ್‌ಗಳಿಗೆ ಇದು ಬೇಗ ಬರುತ್ತದೆ. ಕ್ಯಾಮೆರಾಕ್ಕೆ ಕೂರುವ ಮೌಂಟಿನ ಸ್ಕ್ರೂ ತಲೆಗಳು ಉಜ್ಜಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ಲೆನ್ಸ್ ಮೇಲಿನದಕ್ಕೆ ತಾಳೆಯಾಗಲೇಬೇಕು.

ಫಂಗಸ್ ಗಾಜಿನ ತೆಳು ಲೇಪನದ (ಕೋಟಿಂಗ್) ಮೇಲೆ ಬೆಳೆದು ಆಮ್ಲ ಬಿಡುತ್ತದೆ. ಬೇಗ ಒರೆಸಿದರೆ ಗುರುತಿಲ್ಲದೆ ಹೋಗುತ್ತದೆ, ತಡವಾದರೆ ಎಳೆಗಳ ಅಚ್ಚು ಗಾಜಿನ ಮೇಲೆ ಶಾಶ್ವತ. “ಬಿಸಿಲಿಗಿಟ್ಟರೆ ಹೋಗುತ್ತದೆ” ಎಂದು ಮಾರುವವರು ಹೇಳುವುದುಂಟು. ಬಿಸಿಲು ಅದನ್ನು ಸಾಯಿಸಿದರೂ ಅಚ್ಚು ಹೋಗದು, ಮೇಲಾಗಿ ಮುಚ್ಚಳವಿಲ್ಲದ ದೊಡ್ಡ ಲೆನ್ಸನ್ನು ಬಿಸಿಲಲ್ಲಿಟ್ಟರೆ ಅದು ಭೂತಗನ್ನಡಿಯಂತೆ ಹಿಂದಿರುವುದನ್ನು ಸುಡುತ್ತದೆ. ನಂದಿಬೆಟ್ಟದ ಮಂಜಿನಲ್ಲೋ ದೇವರಾಯನದುರ್ಗದ ತುಂತುರಿನಲ್ಲೋ ತೆಗೆದು ಬಂದವರು ಲೆನ್ಸನ್ನು ಒದ್ದೆ ಬ್ಯಾಗಿನಲ್ಲೇ ಬೀರುವಿಗೆ ಸೇರಿಸುವುದರಿಂದ ಈ ಕಾಯಿಲೆ ಶುರುವಾಗುತ್ತದೆ. ಬ್ಯಾಗಿನ ಸ್ಪಂಜು, ಚರ್ಮದ ಕವರ್ ಎರಡೂ ತೇವ ಹಿಡಿದಿಡುತ್ತವೆ. ಗಾಳಿಯಾಡದ ಡಬ್ಬಿ, ತೇವಾಂಶ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್, ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇಷ್ಟಿದ್ದರೆ ಸಾಕು. ತೇವಾಂಶ ಶೇ. 40ರಿಂದ 50ರ ನಡುವೆ ನಿಲ್ಲಲಿ. ಜೆಲ್ ಹಸಿರಾದಾಗ ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುವುದರಿಂದ ಅಡುಗೆ ಮನೆಗೆ ತರಬೇಡಿ. ಅಕ್ಕಿ ಹಾಕುವ ರೂಢಿಯೂ ಬಿಡಿ, ಹಿಟ್ಟಿನ ಧೂಳು ಜೂಮಿನೊಳಗೆ ಸೇರುತ್ತದೆ.

ಹಣದ ವಿಷಯ ಚಿಕ್ಕದು. ಕೊರಿಯರ್‌ಗೆಂದು ಮುಂಗಡ ಕಳಿಸಬೇಡಿ, ಕಳಿಸಿ ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಖಾಮುಖಿ ಭೇಟಿಗೆ ಸಂಜೆ ಹೋಟೆಲಿನ ಮಬ್ಬು ಬೆಳಕು ಬೇಡ, ಬೆಳಿಗ್ಗೆ ಎಂಟರೊಳಗೆ ಬಯಲಿನಲ್ಲಿ ಭೇಟಿಯಾಗಿ. ಸ್ವಂತ ಕ್ಯಾಮೆರಾ, ಸ್ವಂತ ಕಾರ್ಡ್, ಲ್ಯಾಪ್‌ಟಾಪ್ ಒಯ್ಯಿರಿ. ಚಿತ್ರಗಳನ್ನು ಶೇ. 100ಕ್ಕೆ ಹಿಗ್ಗಿಸಿ ನೋಡಿದ ಮೇಲೆ ಹಣ. ಒಂದು ವಾರದೊಳಗೆ ದೋಷ ಕಂಡರೆ ವಾಪಸ್ ಎಂಬ ಒಂದು ಸಾಲನ್ನು ಬರೆಸಿಕೊಳ್ಳಿ. ಅಷ್ಟು ಬರೆದುಕೊಡಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ.

ಈ ಲೆನ್ಸ್‌ನ ಪೊರೆ ಒರೆಸಿದ ಮೇಲೆ ಹೋಯಿತು, ಫೈನ್ ಟ್ಯೂನ್‌ನಿಂದ ಫೋಕಸ್ ಸರಿಹೋಯಿತು. ಸ್ಟೆಬಿಲೈಸರ್ ಆಫ್ ಮಾಡಿ ಮೊನೋಪಾಡ್ ಮೇಲೆ, 1/1000ಕ್ಕಿಂತ ವೇಗದಲ್ಲಿ ಬಳಸುವಂತಾಗಿದೆ. ಒಂದು ಗಾಜಿನ ಅಂಚಿನಲ್ಲಿ ಫಂಗಸ್‌ನ ಅಚ್ಚು ಹಾಗೇ ಉಳಿದಿದೆ. ಶಿರಾ ಬಳಿಯ ಕಗ್ಗಲಡುವಿನಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಹುಣಸೆ ಮರದ ಮೇಲಿನ ಬಣ್ಣದ ಕೊಕ್ಕರೆಗಳು ಚೆನ್ನಾಗಿಯೇ ಬರುತ್ತವೆ. ಬೆಳಕು ಎದುರಿಗೆ ತಿರುಗಿದ ಕೂಡಲೇ ಬಿಳಿ ರೆಕ್ಕೆಗಳ ಸುತ್ತ ಮತ್ತೆ ಅದೇ ಪ್ರಭೆ.